ಕಪ್ಪು ಕಾರಿನ ಮೇಲಿನ ಸುತ್ತುಗೆರೆಗಳು

ಬೆಳಗಿನ ಓರೆಬಿಸಿಲು ಬಿದ್ದಾಗ ಮಾತ್ರ ಆ ಗೆರೆಗಳು ಕಾಣುತ್ತಿದ್ದವು. ಮೋಡವಿದ್ದ ದಿನ ನೋಡಿದರೆ ಅಣ್ಣನ ಕಾರು ತಂದ ದಿನದಷ್ಟೇ ಕಪ್ಪಗೆ, ಕೆರೆಯಿಂದ ಆಗತಾನೆ ಎದ್ದು ಬಂದ ಎಮ್ಮೆಯಂತೆ ಮಿಂಚುತ್ತ ನಿಂತಿರುತ್ತಿತ್ತು. ಬಿಸಿಲೇರಿತೆಂದರೆ ಬಾನೆಟ್ಟಿನ ತುಂಬ ಕೂದಲೆಳೆಯಷ್ಟು ಸಣ್ಣ ಗೆರೆಗಳು, ಸುತ್ತು ಸುತ್ತಾಗಿ, ಜೇಡರ ಬಲೆಯಂತೆ ಎದ್ದು ಬರುತ್ತಿದ್ದವು.

ಬೀಳಗಿ ತಾಲೂಕಿನ ನಮ್ಮ ಊರು ಹಿನ್ನೀರಿನಲ್ಲಿ ಮುಳುಗಿ, ನಾವೆಲ್ಲ ಎತ್ತರದ ಪುನರ್ವಸತಿ ಕೇಂದ್ರಕ್ಕೆ ಬಂದ ಮೇಲೆ ಅಣ್ಣ ಆ ಕಾರನ್ನು ತಂದಿದ್ದ. ಹೊಳೆದಂಡೆಯ ಕಪ್ಪುಮಣ್ಣಿನ ಎರೆಹೊಲ ಹೋಗಿತ್ತು. ಅದರ ಪರಿಹಾರದ ಒಂದು ಪಾಲು ಕಾರಾಗಿ ಅಂಗಳಕ್ಕೆ ಬಂತು. ಬಣ್ಣ ಆರಿಸಿದವನೂ ಅವನೇ. "ನಮ್ಮ ಹೊಲದ ಬಣ್ಣ ನೋಡ್ಲೇ ತಮ್ಮಾ" ಎಂದಿದ್ದ. ಹೊಲ ಉತ್ತವನು ಕಾರು ಓಡಿಸುವುದನ್ನು ಬೇಗ ಕಲಿತ. ಆದರೆ ಅದನ್ನು ಹೊಲದಂತೆಯೇ ನೋಡಿಕೊಂಡ. ದಿನ ಬೆಳಗಾದರೆ ಅದರ ಮುಂದೆ ಹೋಗಿ ನಿಲ್ಲಬೇಕು, ಮೈಮೇಲೆ ಕೈಯಾಡಿಸಬೇಕು.

ನಮ್ಮ ಮನೆದೇವರು ಬೀರೇಶ್ವರ. ಗುಡಿಯ ಭಂಡಾರವನ್ನು, ಅಂದರೆ ಪೂಜೆಯ ಅರಿಸಿನಪುಡಿಯನ್ನು, ಅಣ್ಣ ದಿನವೂ ಒಂದು ಚಿಟಿಕೆ ಬಾನೆಟ್ಟಿಗೆ ಏರಿಸುತ್ತಿದ್ದ. ಬಳಿಕ ಕಾರನ್ನು ಅಪ್ಪನ ಕಂಬಳಿಯಿಂದ ಒರೆಸುತ್ತಿದ್ದ. ಕುರಿ ಕಾಯ್ದುಕೊಂಡು ಬಂದ ನಮ್ಮವರಿಗೆ ಕಂಬಳಿ ಬರಿಯ ಹೊದಿಕೆಯಲ್ಲ. ದೇವರನ್ನು ಕೂಡಿಸುವುದು ಅದರ ಮೇಲೆ; ಮದುಮಕ್ಕಳು ಕೂಡುವುದೂ ಅದರ ಮೇಲೆ. ಅದರಿಂದ ಒರೆಸುವುದೆಂದರೆ ಕಾರಿಗೆ ಸಲ್ಲಿಸುವ ಮರ್ಯಾದೆ. ನೀರು ತಾಗಿದರೆ ಭಂಡಾರ ಕಲೆಗಟ್ಟುತ್ತದೆಂದು, ರಾತ್ರಿ ಬಿದ್ದ ಧೂಳಿನ ಸಮೇತ ಒಣಗಿದ್ದಂತೆಯೇ ಒರೆಸುತ್ತಿದ್ದ.

ಪಕ್ಕದ ಮನೆ ಅವನ ಬಾಲ್ಯದ ಗೆಳೆಯನದು. ಊರಿನ ವರಸೆಯಲ್ಲಿ ನನಗೆ ಮಾಮ. ಅವನಿಗೆ ಒಂದು ಕುರಿಹಿಂಡಿತ್ತು. ಹಿತ್ತಲಲ್ಲಿ ಅದರ ದೊಡ್ಡಿ. ಬೆಳಗ್ಗೆ ಹಿಂಡು ಮೇಯಲು ಹೊರಟರೆ ಅಣ್ಣನ ಕಾರಿನ ಮಗ್ಗುಲಿನಿಂದಲೇ ಹಾಯಬೇಕು. ಗೆರೆಗಳು ಕಣ್ಣಿಗೆ ಬಿದ್ದದ್ದೇ ತಡ, ಅಣ್ಣನಿಗೆ ಕಾರಣವೂ ಹೊಳೆಯಿತು. ಒಂದು ಅಮಾವಾಸ್ಯೆ, ಗುಡಿಯಲ್ಲಿ ಎಲ್ಲರೂ ಸೇರಿದ್ದಾಗ ಎದ್ದು ನಿಂತು ಹೇಳಿಯೇಬಿಟ್ಟ:

"ಇವನ ಕುರಿ ಮೈ ತಿಕ್ಕಿ ತಿಕ್ಕಿ ನನ್ನ ಗಾಡಿ ಹಾಳ ಮಾಡ್ಯಾವ."

"ಯಾರ ನೋಡ್ಯಾರಣ್ಣಾ?" ಎಂದು ನಾನು ಕೇಳಿದೆ.

"ದಿನಾ ಅದರ ಬಾಜೂಕನ ಹಾಯ್ತಾವ. ಅವು ತಿಕ್ಕಿಲ್ಲಂದ್ರ ಮತ್ತ ನೀ ಹೋಗಿ ಮೈ ತಿಕ್ಕಿಯೇನ್ಲೇ?"

ಜನ ನಕ್ಕರು. ಮಾಮ ನಗಲಿಲ್ಲ. "ನನ್ನ ಕುರಿ ಗ್ವಾಡಿಗಿ ತಿಕ್ತಾವ, ಗಿಡಕ್ಕ ತಿಕ್ತಾವ. ನಿನ್ನ ಗಾಡಿಗಿ ತಿಕ್ಕಿಲ್ಲೋ ದೋಸ್ತಾ" ಎಂದಷ್ಟೇ ಹೇಳಿದ.

ಅಣ್ಣನ ಮಾತಿಗೆ ಆ ಊರಲ್ಲಿ ತೂಕವಿತ್ತು. ಮನೆಗಳ ನಡುವೆ ಕುರಿ ಬೇಡವೆಂದರು. ಮಾಮ ದೊಡ್ಡಿಯನ್ನು ಊರಾಚೆಗೆ ಒಯ್ದ. ಅಲ್ಲಿ ತೋಳದ ಕಾಟ, ರಾತ್ರಿಯೆಲ್ಲ ಕಾಯಲು ವಯಸ್ಸು ಬಿಡಲಿಲ್ಲ. ಕೊನೆಗೆ ಹಿಂಡನ್ನು ಮಾರಿ, ಬನಹಟ್ಟಿಯಲ್ಲಿದ್ದ ಮಗಳ ಮನೆಗೆ ಹೊರಟುಹೋದ. ಹೋಗುವ ದಿನ ಅಣ್ಣ ಬಾಗಿಲು ತೆರೆಯಲಿಲ್ಲ.

ನಾನು ಸಾಲಿ ಬಿಟ್ಟದ್ದು ನಾಲ್ಕನೆಯ ಇಯತ್ತೆಗೆ. ಆಮೇಲೆ ಕೈಗೆ ಸಿಕ್ಕ ಅಚ್ಚಿನ ಕಾಗದವನ್ನೆಲ್ಲ ಓದಿ ಬೆಳೆದವನು. ಹಾಗೆ ಓದಿ ನಾನು ಕಲಿತದ್ದು ಇಷ್ಟೇ: ಎಲ್ಲರೂ ಒಂದೇ ಮಾತು ಹೇಳುತ್ತಿದ್ದರೆ, ಅವರಲ್ಲಿ ನೋಡಿದವರು ಯಾರೂ ಇಲ್ಲದಿರುವುದೂ ಉಂಟು. ಆದರೆ ಸಂಶಯ ಬೇರೆ, ಸಾಕ್ಷಿ ಬೇರೆ. ಸಾಕ್ಷಿ ನನ್ನಲ್ಲಿರಲಿಲ್ಲ.

ಅದು ಸಿಕ್ಕದ್ದು ಜಮಖಂಡಿಯ ಒಂದು ಪೇಂಟಿಂಗ್ ಗ್ಯಾರೇಜಿನಲ್ಲಿ. ಕುರಿ ಹೋದರೂ ಗೆರೆ ಹೋಗಲಿಲ್ಲವೆಂದು ಅಣ್ಣ ಕಾರನ್ನು ಪಾಲಿಶಿಗೆ ಒಯ್ದಿದ್ದ, ಜೊತೆಗೆ ನಾನಿದ್ದೆ. ಮಿಸ್ತ್ರಿ ಒಂದು ನೋಟ ನೋಡಿ ತೀರ್ಪು ಕೊಟ್ಟ: "ಇದು ಸಕ್ಕರಿ ಫ್ಯಾಕ್ಟರಿ ಬೂದಿ ಕೆಲಸ್ರೀ ಅಜ್ಜಾರ. ಮುಧೋಳ ಕಡಿ ಗಾಡಿ ಎಲ್ಲಾ ಹಿಂಗ."

"ಬೂದಿ ಬಿದ್ದಲ್ಲೇ ಬೀಳತೈತಿ. ಹಿಂಗ ಸುತ್ತ ತಿರಗತೈತೇನಪಾ?" ಎಂದೆ ನಾನು.

"ನೀವು ವಕೀಲರಾಗಬೇಕಿತ್ತ ಬಿಡ್ರಿ" ಎಂದು ನಕ್ಕು, ಅವನು ಬಾನೆಟ್ಟಿಗೆ ಕಾಂಪೌಂಡ್ ಎಂಬ ಉಜ್ಜುವ ಪೇಸ್ಟ್ ಹಚ್ಚಿ ಮಶೀನ್ ಹಿಡಿದ. ಡಬ್ಬಿಯ ಮೇಲಿನ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತ ಹೋದಂತೆ ನನಗೆ ತಿಳಿಯಿತು: ಪಾಲಿಶ್ ಮಾಡುವುದೆಂದರೆ ಗೆರೆಯನ್ನು ತುಂಬುವುದಲ್ಲ. ಗೆರೆಯ ಸುತ್ತಲಿನ ಬಣ್ಣವನ್ನು ಗೆರೆಯ ಆಳದವರೆಗೆ ಸವೆಸಿ ಇಳಿಸುವುದು. ಗಾಯ ಮಾಯುವುದಿಲ್ಲ, ಗಾಯವಿದ್ದ ಚರ್ಮವೇ ಹೋಗುತ್ತದೆ.

ಕಾಯುತ್ತ ಕುಳಿತವನು ಕಾರಿನ ಸುತ್ತ ತಿರುಗಿದೆ. ಬಾಗಿಲುಗಳ ಕೆಳಭಾಗದಲ್ಲಿ, ಕುರಿಯ ಮೈ ತಾಗುವ ಎತ್ತರದಲ್ಲಿ, ಹುಡುಕಿದರೂ ಒಂದು ಸುತ್ತುಗೆರೆ ಇರಲಿಲ್ಲ. ಕುರಿ ಹತ್ತಲಾರದ ಟಾಪಿನ ಮೇಲೆ ಕಿಕ್ಕಿರಿದಿದ್ದವು. ಅಣ್ಣನಿಗೆ ಮೊಣಕಾಲು ನೋವು. ಬಗ್ಗಿ ಒರೆಸಲು ಆಗುತ್ತಿರಲಿಲ್ಲ. ಡಿಕ್ಕಿಯಿಂದ ಧೂಳು ಕುಡಿದ ಕಂಬಳಿ ತೆಗೆದೆ. ಆಗಷ್ಟೇ ಕನ್ನಡಿಯಂತಾಗಿದ್ದ ಬಾನೆಟ್ಟಿನ ಮೂಲೆಯೊಂದನ್ನು, ಅಣ್ಣ ಒರೆಸುವ ರೀತಿಯಲ್ಲಿಯೇ, ಕೈ ಸುತ್ತಿಸಿ ಒರೆಸಿದೆ. ಬಿಸಿಲಿನಲ್ಲಿ ಬಲೆ ಎದ್ದು ಬಂತು.

ಅಣ್ಣ ಬಹಳ ಹೊತ್ತು ಅದನ್ನೇ ನೋಡಿದ. "ಅದು ಅಪ್ಪನ ಕಂಬಳಿ ಲೇ."

"ಅಪ್ಪಂದ, ಖರೆ. ಅಪ್ಪಗ ಕಾರ್ ಇರಲಿಲ್ಲ."

ಅಲ್ಲಿದ್ದ ಹಳೆಯ ಟೈರೊಂದರ ಮೇಲೆ ಅವನು ಕುಳಿತುಬಿಟ್ಟ. ಮಿಸ್ತ್ರಿ ಏನೂ ತಿಳಿಯದೆ, "ಚಿಂತಿ ಬ್ಯಾಡ್ರಿ, ಇನ್ನೊಮ್ಮಿ ಹೊಡದ್ರ ಹೋಗತಾವ" ಎಂದು ಸಮಾಧಾನ ಹೇಳಿದ. ಹಾಗೆಯೇ ಆಯಿತು. ಸಂಜೆಯ ಹೊತ್ತಿಗೆ ಇಡೀ ಕಾರಿನ ಮೇಲೆ ಒಂದು ಗೆರೆಯೂ ಉಳಿಯಲಿಲ್ಲ. ಅಣ್ಣ ಸ್ಟೀರಿಂಗ್ ಹಿಡಿದವನು ಊರ ಕಡೆಗೆ ತಿರುಗಿಸದೆ ನೇರ ಬನಹಟ್ಟಿಗೆ ಹೊಡೆದ.

ಮಗಳ ಮನೆಯ ನಡುಮನೆಯಲ್ಲೇ ಪವರ್‌ಲೂಮ್ ಮಗ್ಗಗಳಿದ್ದವು. ಆ ಸದ್ದಿನಲ್ಲಿ ಮಾತು ಕೇಳದೆಂದು ಮಾಮ ಹೊರಗೆ ಕಟ್ಟೆಗೆ ಬಂದು ಕುಳಿತ. ಬಯಲಲ್ಲಿ ಬೆಳೆದ ಮೈ ಅಷ್ಟರಲ್ಲೇ ಅರ್ಧ ಇಳಿದಿತ್ತು.

"ಕುರಿ ತಿಕ್ಕಿಲ್ಲೋ" ಎಂದ ಅಣ್ಣ. "ನಾನ ತಿಕ್ಕೇನಿ. ಕಂಬಳೀಲೆ."

"ನನಗ ಅನಸಿತ್ತು."

"ಮತ್ತ ಯಾಕ ಬಾಯಿ ಬಿಡಲಿಲ್ಲ, ಮೂಳಾ?"

"ಕಂಬಳಿ ಮ್ಯಾಲ ಹೆಂಗ ಹೇಳಲಿ? ಅದೂ ನಿಮ್ಮಪ್ಪಂದು. ಅವಾ ನನಗೂ ಹೊಚ್ಚಿದ್ದಾ ಅದನ್ನ." ಮಾಮ ಮುಂದುವರಿಸಿದ: "ಕುರಿ ಹೋದವು, ಹೋಗಲಿ. ಆದ್ರ ಗುಡಿಯಾಗ ನಾಕ ಮಂದಿ ಮುಂದ ಅಂದೀಯಲ್ಲ, ಅಲ್ಲೇ ಹೇಳು. ಕುರಿ ಕಾಯಾಕ ಬರದಾಂವ ಅನ್ನೋ ಮಾತ ಹೊತ್ಕೊಂಡ ಸಾಯೂದು ಬ್ಯಾಡ ನನಗ."

ಮುಂದಿನ ಅಮಾವಾಸ್ಯೆಗೆ ಅಣ್ಣ ಹೇಳಿದ. ಒಂದು ಮಾತನ್ನೂ ನುಂಗದೆ, ತಪ್ಪು ತನ್ನದೆಂದು, ಅದೇ ಜಾಗದಲ್ಲಿ ನಿಂತು ಹೇಳಿದ. ಜನ ತಲೆದೂಗಿದರು. "ಎಂಥಾ ದೊಡ್ಡ ಮನಸರಿ ಹಿರ‍್ಯಾಂದು! ಹಳೇ ದೋಸ್ತಿ ಸಲುವಾಗಿ ತಪ್ಪ ತನ್ನ ಮ್ಯಾಲ ಹಾಕ್ಕೊಂಡಾ" ಎಂದರು. ಪೂಜಾರಿ ಅವನ ಹಣೆಗೆ ಭಂಡಾರ ಹಚ್ಚಿದ. ನಾನು ತಡೆಯಲಾರದೆ ಎದ್ದೆ; ಬಾಗಿಲ ಎತ್ತರ, ಟಾಪು, ಮೊಣಕಾಲು ಎಲ್ಲವನ್ನೂ ವಿವರಿಸಿದೆ. ಬಂದು ನೋಡಿ ಎಂದು ಗುಡಿಯ ಮುಂದೆ ನಿಂತಿದ್ದ ಕಾರಿನ ಬಳಿ ಕರೆದೆ. ಬಂದರು. ಅದು ಲಕಲಕ ಹೊಳೆಯುತ್ತಿತ್ತು.

"ಎಲ್ಲೈತ್ರಿ ಗೆರಿ? ಕುರಿ ಹೋದ್ವು, ಗೆರೀನೂ ಹೋದ್ವು. ಇನ್ನ ಹೆಂಗ ಹೇಳಬೇಕು ನಿಮಗ?" ಎಂದ ಗುಂಪಿನಲ್ಲೊಬ್ಬ.

ಕಂಬಳಿ ತನ್ನಿ, ಈಗಲೇ ಒರೆಸಿ ತೋರಿಸುತ್ತೇನೆಂದೆ. ಪೂಜಾರಿಯ ಮುಖ ಕೆಂಪಾಯಿತು. "ಕಂಬಳಿ ಪರೀಕ್ಷೆ ಮಾಡಾಂವೇನ್ಲೇ ನೀ? ಗುಡಿ ಮುಂದ?" ಎಂದು ಗದರಿಸಿದ. ಅಣ್ಣ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದ. ಸವೆಸಿ ತೆಗೆದ ಬಣ್ಣದೊಡನೆ ಮಾಮನ ಸಾಕ್ಷಿಯೂ ಜಮಖಂಡಿಯ ನೆಲದ ಮೇಲೆ ಉದುರಿಹೋಗಿತ್ತು.

ಮತ್ತೆ ಬನಹಟ್ಟಿಗೆ ಹೋಗುವಷ್ಟರಲ್ಲಿ ಮಾಮ ಹಾಸಿಗೆ ಹಿಡಿದಿದ್ದ. ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. ಸಣ್ಣ ದನಿಯೂ ಕೇಳುತ್ತಿತ್ತು.

"ಹೇಳಿದಿ?"

"ಹೇಳಿದೆ."

"ಮಂದಿ ಏನಂದ್ರು?"

ಅಣ್ಣ ನನ್ನ ಕಡೆಗೆ ನೋಡಲಿಲ್ಲ. "ಒಪ್ಪಿದ್ರು. ಎಲ್ಲಾರೂ ಒಪ್ಪಿದ್ರು."

ಮಾಮ ನಿಧಾನವಾಗಿ ತಲೆ ಹೊರಳಿಸಿ ನನ್ನನ್ನು ಕೇಳಿದ: "ಖರೆ ಏನೋ? ನೀ ಯಾರ ಮಾತೂ ನಂಬಾಂವಲ್ಲ. ನೀ ಹೇಳು."

"ಖರೆರಿ ಮಾಮಾ" ಎಂದೆ.

ಮಾಮ ಮಗಳನ್ನು ಕೂಗಿ, ನಮಗಿಬ್ಬರಿಗೂ ಚಹಾ ಇಡಲು ಹೇಳಿದ.