ಜೋಡಿ ನಕ್ಷತ್ರದ ಅರ್ಧ ಲೆಕ್ಕ

ನಾನು ನಿಮಗೆ ಸುಳ್ಳು ಹೇಳಿದೆ, ಚನ್ನವೀರಪ್ಪನವರೇ. ಬಾಯಿ ತಪ್ಪಿ ಬಂದದ್ದಲ್ಲ, ಮರೆವೂ ಅಲ್ಲ — ನಿಮ್ಮ ನಕ್ಷತ್ರದ ಲೆಕ್ಕ ತಪ್ಪೆಂದು ಗೊತ್ತಿದ್ದೂ ಸರಿಯಿದೆ ಎಂದೆ. ತುಂಬಿದ ಸಭೆಯಲ್ಲಿ ಅದನ್ನು ಹೇಳಿ ನೀವು ಸಿಕ್ಕಿಬೀಳಲಿ ಎಂದೇ ಹಾಗೆಂದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿಬಳಸಿ ನನ್ನನ್ನೇ ಒಳ್ಳೆಯವಳನ್ನಾಗಿ ಮಾಡಿಕೊಳ್ಳುವ ಚಾಳಿ ನನಗಿದೆ.

ಇನ್ನೊಂದು ಮಾತು. ನಿಮ್ಮನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ಇದನ್ನು ರಾಜಿಯ ಮಾತೆಂದು ತಿಳಿಯಬೇಡಿ.

ತೊಂಬತ್ತರ ದಶಕದ ನಡುವಿನ ವರ್ಷಗಳು. ನೀವು ವೈಟ್‌ಫೀಲ್ಡಿನ ಕಾರ್ಖಾನೆಯೊಂದರಲ್ಲಿ ಮೀಟರುಗಳನ್ನು ಪರೀಕ್ಷೆ ಮಾಡುವ ಇಂಜಿನಿಯರ್, ದಾವಣಗೆರೆ ಕಡೆಯವರು. ವರ್ತೂರಿನಲ್ಲಿ ಬಾಡಿಗೆ ಮನೆ, ತಾರಸಿಯ ಮೇಲೆ ನೀವೇ ಕಟ್ಟಿದ ದೂರದರ್ಶಕ, ಅದರ ಬೆನ್ನಿಗೆ ಬೆಳಕನ್ನು ಅಳೆಯುವ ಒಂದು ಡಬ್ಬಿ. ಆಗ ಕೆರೆಯಾಚೆ ಇನ್ನೂ ಕತ್ತಲಿತ್ತು. ಬೆಳಕು ಏರಿಳಿಯದ ಪಕ್ಕದ ನಕ್ಷತ್ರವನ್ನು ಅಳೆದು, ನಿಮ್ಮದನ್ನು ಅಳೆದು, ಮತ್ತೆ ಪಕ್ಕದ್ದನ್ನು ಅಳೆದು — ರಾತ್ರಿಯಿಡೀ ಅದೇ ಕೆಲಸ. ಹಾಗೆ ಅಳೆಯುತ್ತಲೇ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಒಂದು ಚುಕ್ಕಿ ಆಗಾಗ ಮಂಕಾಗುವುದನ್ನು ಕಂಡಿರಿ. ಅದು ಒಂದಲ್ಲ, ಎರಡು. ಒಂದನ್ನೊಂದು ಸುತ್ತುತ್ತ ಸರದಿಯ ಮೇಲೆ ಮರೆ ಮಾಡುತ್ತವೆ ಎಂದಿರಿ. ಅದು ನಿಜವಾಗಿತ್ತು. ನಿಮ್ಮದೇ ಕಾಣ್ಕೆಯಾಗಿತ್ತು.

ನಾನು ಸಂಶೋಧನಾ ಸಂಸ್ಥೆಯವಳು. ಬೆಟ್ಟದ ಮೇಲಿನ ದೊಡ್ಡ ದೂರದರ್ಶಕದಲ್ಲಿ ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಆ ರೋಹಿತದಲ್ಲಿನ ಕಪ್ಪು ಗೆರೆಗಳನ್ನು ಓದುವುದು ನನ್ನ ಕೆಲಸ. ಅದಕ್ಕೆ ಮೊದಲು ನಕ್ಷತ್ರವನ್ನು ಕೂದಲೆಳೆಯಂಥ ಸೀಳೊಂದರಲ್ಲಿ ಹಿಡಿದು ನಿಲ್ಲಿಸಬೇಕು. ಆ ಚುಕ್ಕಿಯ ಅಳತೆಗಳನ್ನು ಹಿಡಿದು ನೀವು ನಮ್ಮಲ್ಲಿಗೆ ಬರತೊಡಗಿದ ಮೇಲೆ ಎಲ್ಲರ ಉಪಕರಣದಲ್ಲೂ ಒಂದೊಂದು ಕುಂದು ಹುಡುಕಿದಿರಿ. ಒಂದು ದಿನ ಕ್ಯಾಂಟೀನಿನಲ್ಲಿ, ನಿರ್ದೇಶಕರ ಎದುರಿಗೇ, ನಕ್ಕು ಹೇಳಿದಿರಿ: "ಅಲ್ರೀ ಮೇಡಂ, ನೀವು ಆ ಸೀಳಿನೊಳಗೆ ನಕ್ಷತ್ರ ಕೂರ್ಸೋ ಹೊತ್ತಿಗೆ ಬೆಳಗಾಗಿರುತ್ತೆ ಬಿಡ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಮಗೆ ಅದು ಅಲ್ಲಿಗೇ ಮುಗಿದಿರಬಹುದು. ನನಗೆ ಮುಗಿಯಲಿಲ್ಲ. ಅಲ್ಲಿಂದ ಮುಂದೆ ನಾನು ಬೆಟ್ಟ ಇಳಿದು ಬಂದಾಗಲೆಲ್ಲ ಯಾರಾದರೊಬ್ಬರು "ಕೂತ್ಕೊಂತಾ ಮೇಡಂ?" ಎಂದು ಕೇಳುತ್ತಿದ್ದರು. ಆ ವಿಭಾಗಕ್ಕೆಲ್ಲ ನಾನೊಬ್ಬಳೇ ಹೆಂಗಸು... ಈ ಗೇಲಿಯ ಕಥೆಯನ್ನು ನೆಪಕ್ಕಾಗಿ ಹೇಳುತ್ತಿಲ್ಲ ಎಂದು ಬರೆಯಹೊರಟಿದ್ದೆ. ಇಲ್ಲ, ನೆಪಕ್ಕಾಗಿಯೇ ಹೇಳಿದೆ. ಅದು ನೆಪವಾಗುವುದಿಲ್ಲ ಎಂದು ನನಗೂ ಗೊತ್ತು.

ಬೆಳಕು ಅಳೆಯುವ ಉಪಕರಣಕ್ಕೆ ನಮ್ಮ ಸಂಸ್ಥೆ ಒಬ್ಬ ಇಂಜಿನಿಯರನ್ನು ತೆಗೆದುಕೊಳ್ಳುವುದಿತ್ತು. ಆ ನಕ್ಷತ್ರದ ಬಗ್ಗೆ ನೀವು ಸಭೆಯಲ್ಲಿ ಮಾತಾಡಬೇಕು, ಅದನ್ನು ನೋಡಿ ತೀರ್ಮಾನಿಸೋಣ ಎಂದು ನಿರ್ದೇಶಕರು ಹೇಳಿದ್ದರು. ಒಮ್ಮೆ ನಿಮ್ಮ ಮನೆಗೆ ಬಂದಿದ್ದಾಗ ನಿಮ್ಮ ಹೆಂಡತಿ ಮಂಡಕ್ಕಿ ಕೊಡುತ್ತ, ಕಾರ್ಖಾನೆಗೆ ಹೊರಡುವಾಗ ನಿಮ್ಮ ಮುಖ ನೋಡಲಾಗುವುದಿಲ್ಲ, ಈ ಕೆಲಸವೊಂದು ಸಿಕ್ಕಿದರೆ ಸಾಕು ಎಂದಿದ್ದರು. ಅಂದರೆ ಸಭೆಯಲ್ಲಿ ನೀವು ಸಿಕ್ಕಿಬಿದ್ದರೆ ಏನು ಕೈತಪ್ಪುತ್ತದೆಂದು ನನಗೆ ತಿಳಿದಿತ್ತು. ಪೂರ್ತಿ ತಿಳಿದಿತ್ತು.

ನಿಮ್ಮ ಕೋರಿಕೆಯ ಮೇಲೆಯೇ ನಾನು ಆ ನಕ್ಷತ್ರದ ರೋಹಿತ ತೆಗೆದೆ. ಒಂದೂವರೆ ದಿನಕ್ಕಿಂತ ಸ್ವಲ್ಪ ಕಡಿಮೆ ಹೊತ್ತಿನಲ್ಲಿ ಒಂದು ಸುತ್ತು ಮುಗಿಯುತ್ತದೆ ಎಂಬುದು ನಿಮ್ಮ ಲೆಕ್ಕ. ಅಷ್ಟೇ ಅಂತರ ಬಿಟ್ಟು ಎರಡು ಸಲ ತೆಗೆದೆ. ಎರಡರಲ್ಲೂ ಗೆರೆಗಳು ಇಬ್ಭಾಗವಾಗಿದ್ದವು — ನಮ್ಮತ್ತ ಬರುವ ನಕ್ಷತ್ರದ್ದು ನೀಲಿಯ ಕಡೆಗೆ, ದೂರ ಹೋಗುವುದರದ್ದು ಕೆಂಪಿನ ಕಡೆಗೆ. ಆದರೆ ಎರಡರಲ್ಲಿ ತುಸು ದಪ್ಪಗಿದ್ದ ಗೆರೆ, ಮೊದಲ ರೋಹಿತದಲ್ಲಿ ನೀಲಿಯ ಕಡೆಗಿದ್ದದ್ದು, ಎರಡನೆಯದರಲ್ಲಿ ಕೆಂಪಿನ ಕಡೆಗೆ ದಾಟಿತ್ತು. ನೀವು ಒಂದು ಸುತ್ತು ಎಂದ ಹೊತ್ತಿನಲ್ಲಿ ಅವು ನಿಜಕ್ಕೂ ಅರ್ಧ ಸುತ್ತಿದ್ದವು, ಅಷ್ಟೇ. ಎರಡೂ ಹೆಚ್ಚುಕಡಿಮೆ ಒಂದೇ ಬೆಳಕಿನವು. ಇದು ಅದನ್ನು ಮರೆ ಮಾಡಿದರೂ, ಅದು ಇದನ್ನು ಮರೆ ಮಾಡಿದರೂ ತಾರಸಿಯ ಡಬ್ಬಿಗೆ ಒಂದೇ ಥರದ ಮಂಕು. ಯಾರಾದರೂ ಮಾಡಬಹುದಾದ ತಪ್ಪು. ನಾನೂ ಮಾಡುತ್ತಿದ್ದೆ.

ಸಭೆಯ ಹಿಂದಿನ ದಿನ ವರ್ತೂರಿನ ಫೋನ್ ಬೂತಿನಿಂದ ನೀವು ಕರೆ ಮಾಡಿದಿರಿ. ದನಿಯಲ್ಲಿ ಆ ದಿನ ಗೇಲಿ ಇರಲಿಲ್ಲ.

"ಮೇಡಂ, ನಿಮ್ಮ ಸ್ಪೆಕ್ಟ್ರಂ ನನ್ನ ಲೆಕ್ಕಕ್ಕೆ ಒಪ್ಪುತ್ತಾ? ಇಲ್ಲ ಅಂದ್ರೆ ಈಗ್ಲೇ ಹೇಳ್ಬಿಡ್ರಿ, ಮಾತು ಮುಂದಕ್ಕೆ ಹಾಕ್ತೀನಿ."

"ಒಪ್ಪುತ್ತೆ," ಎಂದೆ. "ಧೈರ್ಯವಾಗಿ ಹೇಳಿ."

ಮರುದಿನ ನೀವು ಚೆನ್ನಾಗಿ ಮಾತಾಡಿದಿರಿ, ಹಾಳಾದವರೇ, ಬಹಳ ಚೆನ್ನಾಗಿ. ನಿರ್ದೇಶಕರು ತಲೆದೂಗುತ್ತಿದ್ದರು. ಆಗ ನಾನು ಎದ್ದೆ. ಎರಡು ರೋಹಿತಗಳ ಪಾರದರ್ಶಕ ಹಾಳೆಗಳನ್ನು ಪ್ರೊಜೆಕ್ಟರಿನ ಮೇಲೆ ಒಂದರ ಮೇಲೊಂದು ಇಟ್ಟೆ. ನಿಮ್ಮ ಲೆಕ್ಕದ ಪ್ರಕಾರ ಇವೆರಡೂ ಒಂದೇ ಆಗಿರಬೇಕಿತ್ತಲ್ಲವೇ ಎಂದು ಕೇಳಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ — "ತಾರಸಿ ಮೇಲಿಂದ ಅರ್ಧ ಮಾತ್ರ ಕಾಣುತ್ತೇನೋ" ಎಂದೆ. ಸಭೆ ನಕ್ಕಿತು. ಕ್ಯಾಂಟೀನಿನ ನಗುವಿಗಿಂತ ಜೋರಾಗಿಯೇ.

ನೀವು ನನ್ನ ಕಡೆ ತಿರುಗಿದಿರಿ. ನಿನ್ನೆ ಒಪ್ಪುತ್ತೆ ಅಂದಿರಲ್ಲ ಎಂದು ಒಂದು ಮಾತು ಅಂದಿದ್ದರೆ ಅಲ್ಲಿಗೆ ನನ್ನ ಕಥೆ ಮುಗಿಯುತ್ತಿತ್ತು. ನೀವು ಅನ್ನಲಿಲ್ಲ.

"ಮೇಡಂ ಹೇಳೋದು ಸರಿ ಐತೆ," ಎಂದಿರಿ. "ನಾನು ನೋಡ್ಕೋಬೇಕಿತ್ತು."

ಅದಕ್ಕೂ ನನಗೆ ಸಿಟ್ಟು ಬಂತು. ಯಾಕೆ ಸುಮ್ಮನಾದಿರಿ? ದೊಡ್ಡತನವೋ, ನನ್ನ ಮೇಲೆ ದೂರು ಹೇಳುವುದೂ ನಿಮ್ಮ ಅಂತಸ್ತಿಗೆ ಕಡಿಮೆ ಎನಿಸಿತೋ — ಇಷ್ಟು ವರ್ಷ ಅದನ್ನೇ ಅಗಿಯುತ್ತಿದ್ದೇನೆ. ಕೆಲಸ ಬೇರೆಯವರಿಗೆ ಹೋಯಿತು. ಸರಿಯಾದ ಲೆಕ್ಕ ನನ್ನ ಹೆಸರಿನ ಪ್ರಬಂಧವಾಗಿ ಅಚ್ಚಾಯಿತು. ನಿಮ್ಮ ಅಳತೆಗಳೆಲ್ಲ ಅದರೊಳಗಿದ್ದವು, ನಿಮ್ಮ ಹೆಸರು ಮಾತ್ರ ಕೊನೆಯ ಕೃತಜ್ಞತೆಯ ಸಾಲಿನಲ್ಲಿತ್ತು. ನನಗೆ ಬಡ್ತಿ ಸಿಕ್ಕಿದ್ದೂ ಅದರಿಂದಲೇ. ಕೆಲವು ವರ್ಷಗಳ ನಂತರ ವರ್ತೂರಿನ ಮೇಲೆ ಹೋಗುವಾಗ ನಿಮ್ಮ ಮನೆ ಕಂಡಿತು. ದೂರದರ್ಶಕ ನಿಲ್ಲಿಸಲು ನೀವು ಕಟ್ಟಿದ್ದ ಸಿಮೆಂಟಿನ ಕಂಬ ತಾರಸಿಯಲ್ಲಿ ಹಾಗೇ ಇತ್ತು. ಬಟ್ಟೆ ಒಣಹಾಕುವ ತಂತಿಯನ್ನು ಅದಕ್ಕೆ ಬಿಗಿದಿದ್ದರು. ಕಾರು ನಿಲ್ಲಿಸಲಿಲ್ಲ.

ಬರುವ ತಿಂಗಳು ನನ್ನ ನಿವೃತ್ತಿ. ಬೀಳ್ಕೊಡುಗೆಯ ಭಾಷಣ ಅದೇ ಸಭಾಂಗಣದಲ್ಲಿ. ಆ ಎರಡು ರೋಹಿತಗಳನ್ನು ಮತ್ತೆ ತೋರಿಸುತ್ತೇನೆ. ನಕ್ಷತ್ರವನ್ನು ಕಂಡವರು ಯಾರು, ಹಿಂದಿನ ದಿನ ಫೋನಿನಲ್ಲಿ ಅವರು ಕೇಳಿದ್ದೇನು, ನಾನು ಹೇಳಿದ್ದೇನು — ಎಲ್ಲವನ್ನೂ ಹೇಳುತ್ತೇನೆ. ನಿಮ್ಮನ್ನು ಕರೆಯುತ್ತಿಲ್ಲ. ಕ್ಷಮಿಸಿದ ಮುಖ ಹೊತ್ತು ನೀವು ಮುಂದಿನ ಸಾಲಿನಲ್ಲಿ ಕೂತರೆ ನನ್ನ ನಾಲಗೆ ಮತ್ತೆ ಏನಾದರೂ ಅಂದುಬಿಟ್ಟೀತು. ಆದರೆ ಬಂದರೆ, ಆ ದಿನ ನುಂಗಿಕೊಂಡ ಮಾತನ್ನು ಎದ್ದು ನಿಂತು ಆಡಿಬಿಡಿ. ಅಡ್ಡ ಬರುವುದಿಲ್ಲ. ನಕ್ಕರೆ, ಈ ಸಲ ಸಭೆ ನನ್ನನ್ನು ನೋಡಿ ನಗಲಿ.