ಬಸ್ ಡ್ರೈವರನ್ನು ಕೆಡವಿದ್ದು

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷಗಳಾಗಿದ್ದವು. ನನಗೆ ನಲವತ್ತೊಂದು. ಲಂಡನ್ನಿನ ಕೆಂಟನ್‌ನಲ್ಲಿ ಮನೆ, ಆಸ್ಪತ್ರೆಯೊಂದರ ಪೆಥಾಲಜಿ ಲ್ಯಾಬಿನಲ್ಲಿ ಕೆಲಸ. ಡಾಕ್ಟರಾಗಿದ್ದರೂ ಇಡೀ ಮನುಷ್ಯರನ್ನು ಮುಟ್ಟಿ ಹದಿನೈದು ವರ್ಷಗಳಾಗಿದ್ದವು. ನನ್ನ ಬಳಿಗೆ ಜನ ಸಣ್ಣ ಸಣ್ಣ ಚೂರುಗಳಾಗಿ, ಡಬ್ಬಿಯಲ್ಲಿ ಬರುತ್ತಿದ್ದರು.

ಬ್ರೆಜಿಲಿಯನ್ ಜುಜಿತ್ಸು ಎಂಬ ನೆಲದ ಕುಸ್ತಿ ಕಲಿಯಬೇಕೆಂದು ಹಟ ಹಿಡಿದವಳು ನಾನಲ್ಲ, ಹದಿಮೂರು ವರ್ಷದ ನನ್ನ ಮಗಳು. ಎಜ್‌ವೇರ್‌ನ ಟೈರ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಶನಿವಾರ ಬೆಳಿಗ್ಗೆ ಬ್ರೆಜಿಲಿನವನೊಬ್ಬ ಕಲಿಸುತ್ತಿದ್ದ. ನಾನು ಗೋಡೆಯ ಪಕ್ಕದ ಬೆಂಚಿನಲ್ಲಿ ಕುಳಿತು ಓದುತ್ತಿದ್ದೆ. ಮೂರನೆಯ ವಾರ ಜೋಡಿಗೆ ಒಬ್ಬರು ಕಡಿಮೆ ಬಿದ್ದರೆಂದು ಗುರು ನನ್ನನ್ನೂ ಕರೆದ. ಐದನೆಯ ವಾರ ಮಗಳು ಬೋರಾಯಿತೆಂದು ಬಿಟ್ಟಳು. ಅವಳ ದಪ್ಪ ಬಿಳಿ ಅಂಗಿ ನನಗೆ ಸರಿಯಾಗಿ ಕೂರುತ್ತಿತ್ತು, ಹಾಗಾಗಿ ನಾನು ಹೋಗುತ್ತಲೇ ಇದ್ದೆ. ಇದಕ್ಕಿಂತ ದೊಡ್ಡ ಕಾರಣವನ್ನು ಆಮೇಲೆ ಹುಡುಕಿದ್ದೇನೆ, ಸಿಕ್ಕಿಲ್ಲ.

ನನ್ನ ಜೋಡಿ ಒಬ್ಬ ಬಸ್ ಡ್ರೈವರ್. ಐವತ್ತರ ಹತ್ತಿರದ, ನೂರು ಕಿಲೋ ದಾಟಿದ, ಮೆದುಮಾತಿನ ಇಂಗ್ಲಿಷ್ ಮನುಷ್ಯ. ಉಳಿದವರೆಲ್ಲ ಇಪ್ಪತ್ತರ ಆಸುಪಾಸಿನವರು. ವಯಸ್ಸು ಹೊಂದುತ್ತದೆಂದು ಗುರು ನಮ್ಮಿಬ್ಬರನ್ನು ಸೇರಿಸಿದ್ದ. ತೂಕದ ವಿಚಾರ ಅವನು ಎತ್ತಲಿಲ್ಲ.

ಅಂಗಾತ ಮಲಗಿ, ಎದುರಿಗೆ ಮಂಡಿಯೂರಿದವನನ್ನು ಕಾಲುಗಳಿಂದ ತಡೆದು ಹಿಡಿಯುವುದಕ್ಕೆ ಗಾರ್ಡ್ ಎನ್ನುತ್ತಾರೆ. ಅಲ್ಲಿಂದ ಅವನನ್ನು ಉರುಳಿಸಿ ತಾನು ಮೇಲೆ ಬರುವುದು ಸ್ವೀಪ್. ನಮಗೆ ಹೇಳಿಕೊಟ್ಟದ್ದು ಕತ್ತರಿಯ ಪಟ್ಟು. ಒಂದು ಕೈಯಲ್ಲಿ ಅವನ ಕೊರಳಪಟ್ಟಿ, ಇನ್ನೊಂದರಲ್ಲಿ ಅವನ ತೋಳಿನ ಬಟ್ಟೆ. ಒಂದು ಕಾಲು ಅವನ ಹೊಟ್ಟೆಗೆ ಅಡ್ಡ, ಇನ್ನೊಂದು ನೆಲದ ಮೇಲೆ ಅವನ ಮಂಡಿಯ ಪಕ್ಕ. ಅವನನ್ನು ಮೈಮೇಲೆ ಎಳೆದುಕೊಂಡು ಎರಡೂ ಕಾಲುಗಳನ್ನು ಕತ್ತರಿಯಂತೆ ಆಡಿಸಿದರೆ ಬೀಳುತ್ತಾನೆ.

ನಾಲ್ಕು ತಿಂಗಳು ಅವನು ಬೀಳಲಿಲ್ಲ. ಸ್ವಲ್ಪ ವಾಲಿ, ನೆಲಕ್ಕೆ ಕೈಯೂರಿ, ಮತ್ತೆ ಸ್ವಸ್ಥಾನಕ್ಕೆ ಬಂದು ಕೂರುತ್ತಿದ್ದ. ನಾನು ಸಾರಿ ಎನ್ನುತ್ತಿದ್ದೆ, ಅವನೂ ಸಾರಿ ಎನ್ನುತ್ತಿದ್ದ. ಗುರು ಹಾದುಹೋಗುವಾಗ "ಹ್ಯಾಂಡ್, ಹ್ಯಾಂಡ್" ಎಂದು ಹೇಳಿ ಮುಂದೆ ಹೋಗುತ್ತಿದ್ದ. ಕೊರಳಪಟ್ಟಿಯ ಕೈಯಿರಬೇಕೆಂದು ನಾನು ಅದನ್ನೇ ಬಿಗಿಮಾಡುತ್ತಿದ್ದೆ. ಡ್ರೈವರನಿಗೆ ಕೆಮ್ಮು ಬರುತ್ತಿತ್ತು.

ಆ ಬೇಸಿಗೆಯಲ್ಲಿ ಅವ್ವ ಧಾರವಾಡದಿಂದ ಬಂದಳು. ಎಪ್ಪತ್ತು ವರ್ಷ, ರಿಟೈರಾದ ಹೈಸ್ಕೂಲ್ ಟೀಚರ್. ಶನಿವಾರ ಎಲ್ಲಿಗೆ ಹೋಗುತ್ತೀ, ಏನು ಕಲಿಯುತ್ತೀ ಎಂದು ಕೇಳಿದಳು. ಸ್ವೀಪ್ ಎಂದೆ.

"ಕಸಾ ಹೊಡಿಯೂದ ಕಲ್ಯಾಕ ಅಷ್ಟ ದೂರ ಹೋಗಬೇಕೇನವಾ?" ಎಂದಳು.

ಬಿಡಿಸಿ ಹೇಳಲು ಹೋಗಿ ಸೋತು, ಅವಳನ್ನೂ ಕರೆದುಕೊಂಡು ಹೋದೆ. ಸೀರೆಯ ಮೇಲೆ ನನ್ನ ಕಾರ್ಡಿಗನ್ ತೊಟ್ಟು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬೆಂಚಿನಲ್ಲಿ ಕುಳಿತಳು. ಅವ್ವನ ಎದುರಿಗೆ ಪರಪುರುಷನೊಬ್ಬನ ಕೊರಳಪಟ್ಟಿ ಹಿಡಿದು ಮೈಮೇಲೆ ಎಳೆದುಕೊಳ್ಳುವುದು ನಾನು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ಆ ದಿನ ಡ್ರೈವರ್ ವಾಲಲೂ ಇಲ್ಲ. ಮುಕ್ಕಾಲು ಗಂಟೆ ಅವ್ವ ನೋಡಿದಳು. ನೀರು ಕುಡಿಯಲು ಬಿಟ್ಟಾಗ ಕೈಸನ್ನೆ ಮಾಡಿ ಕರೆದಳು. ಇಂಥದ್ದನ್ನು ನೋಡಲು ಬಂದೆನೇ ಎಂದು ಅನ್ನುತ್ತಾಳೆಂದುಕೊಂಡು ಹೋದೆ.

"ಅಂವಾ ಇನ್ನೇನ ಬೀಳತಾನ ಅನ್ನೂದ್ರಾಗ ನೀ ಅವನ ತೋಳ ಬಿಟ್ಟಬಿಡತಿ," ಎಂದಳು. "ಬಿಟ್ಟಕೂಡ್ಲೆ ಅಂವಾ ಕೈ ಊರತಾನ. ಮತ್ತ ಹ್ಯಾಂಗ ಬಿದ್ದಾನು?"

ಅವ್ವನ ತವರುಮನೆಯ ಹಿತ್ತಿಲ ಗೋಡೆಯಾಚೆ ಗರಡಿಮನೆಯಿತ್ತೆಂದು, ಹುಡುಗಿಯಾಗಿದ್ದಾಗ ಅಟ್ಟದ ಕಿಟಕಿಯಿಂದ ದಿನಾ ಕುಸ್ತಿ ನೋಡುತ್ತಿದ್ದಳೆಂದು ನನಗೆ ಗೊತ್ತಾದದ್ದು ಅಂದೇ. ಆ ಕಿಟಕಿಯ ವಿಷಯ ನಮ್ಮ ಅಜ್ಜನಿಗೆ ಕೊನೆತನಕ ತಿಳಿಯಲಿಲ್ಲವಂತೆ.

ನಾನು ತೋಳು ಬಿಡುತ್ತಿದ್ದೇನೆಂಬುದು ನನಗೇ ಗೊತ್ತಿರಲಿಲ್ಲ. ಆದರೆ ಯಾಕೆ ಬಿಡುತ್ತೇನೆಂಬುದು ಹೇಳಿದ ಕೂಡಲೇ ಗೊತ್ತಾಯಿತು. ಅವನಿಗೆ ಪೆಟ್ಟಾದೀತು ಅಂತ ಇರಬೇಕು ಎಂದೆ.

"ಒಂದ ಬಸ್ ತುಂಬ ಮಂದೀನ್ನ ಹೊತಗೊಂಡ ಅಡ್ಡ್ಯಾಡಾಂವ. ಅವಗೇನ ಆಗತೈತಿ?"

ಮರಳಿ ಹೋಗಿ ಮಲಗಿದೆ. ತೋಳಿನ ಬಟ್ಟೆಯನ್ನು ನಾಲ್ಕು ಬೆರಳಿಗೆ ಸುತ್ತಿ ಹಿಡಿದೆ. ಎಳೆದೆ. ಅವನ ಭಾರ ಮಂಡಿಗಳಿಂದ ಎದ್ದು ನನ್ನ ಮೊಣಕಾಲ ಮೇಲೆ ಬಂತು. ಕಾಲು ಆಡಿಸಿದೆ. ಅವನು ವಾಲಿದ, ಕೈಯೂರಲು ನೋಡಿದ, ಕೈ ನನ್ನ ಹತ್ತಿರ ಇತ್ತು. ಬೀರು ಉರುಳಿದ ಹಾಗೆ ನಿಧಾನವಾಗಿ ಬಿದ್ದ. ಕೆಳಗೆ ಟೈರ್ ಅಂಗಡಿಯಲ್ಲಿ ಯಾರೋ ಮೇಲೇನಾಯಿತೆಂದು ಕೂಗಿ ಕೇಳಿದರು.

ನಾನು ಅವನ ಹೊಟ್ಟೆಯ ಮೇಲೆ ಕುಳಿತಿದ್ದೆ. ಮುಂದೇನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ಅದರ ಅಗತ್ಯ ಬಿದ್ದಿರಲಿಲ್ಲ. ಮದುವೆಯ ದಿನವಾಗಲಿ, ಪರೀಕ್ಷೆಗಳು ಪಾಸಾದ ದಿನವಾಗಲಿ ಅಷ್ಟು ಖುಷಿಯಾಗಿರಲಿಲ್ಲವೆಂದು ಈಗ ಹೇಳಬಹುದು. ಡ್ರೈವರ್ ಚಾವಣಿಯನ್ನು ನೋಡುತ್ತ, ಇಲ್ಲಿಂದ ಕೋಣೆ ದೊಡ್ಡದಾಗಿ ಕಾಣುತ್ತದೆ ಎಂದ. ನಾನು ಅಭ್ಯಾಸಬಲದಿಂದ ಸಾರಿ ಎಂದೆ. ಗುರು ಬಂದು, ಕುಳಿತದ್ದು ತಪ್ಪೆಂದು ನನ್ನ ಮಂಡಿ ಸರಿಪಡಿಸಿದ.

ಮುಂದಿನ ವಾರ ಡ್ರೈವರ್ ಬೀಳಲಿಲ್ಲ. ಅವನಿಗೂ ಈಗ ಗೊತ್ತಾಗಿತ್ತಲ್ಲ. ಎರಡನೆಯ ಸಲ ಕೆಡವಲು ಇನ್ನೂ ಏಳು ವಾರ ಬೇಕಾಯಿತು. ಎಡ ಮಂಡಿ ಇನ್ನು ಸಾಕೆನ್ನುವವರೆಗೆ ಐದು ವರ್ಷ ಹೋದೆ. ಅಷ್ಟರಲ್ಲಿ ಅವನು ನನ್ನನ್ನು ಎಷ್ಟು ಸಲ ಕೆಡವಿದನೋ ಲೆಕ್ಕವಿಟ್ಟಿಲ್ಲ.

ಅವ್ವ ಊರಿಗೆ ಮರಳಿದ ಮೇಲೆ, ತನ್ನ ಮಗಳು ವ್ಯಾಯಾಮದ ಕ್ಲಾಸಿಗೆ ಹೋಗುತ್ತಾಳೆಂದು ನೆಂಟರಿಗೆ ಹೇಳಿದಳು. ಭಾನುವಾರ ಫೋನ್ ಮಾಡಿದರೆ ಮೊದಲು ಕೇಳುತ್ತಿದ್ದದ್ದು ಡ್ರೈವರ್ ಆರಾಮ ಇದ್ದಾನೇನು ಎಂದು. ನನ್ನ ಗಂಡನ ವಿಚಾರ ಆಮೇಲೆ ಬರುತ್ತಿತ್ತು.