ಕ್ಯಾಮೆರಾಗೆ ತಣ್ಣಗೆ, ಬ್ಯಾಟರಿಗೆ ಬೆಚ್ಚಗೆ

ನನ್ನ ಕ್ಯಾಮೆರಾಗೆ ಚಳಿ ತಾಗಬಹುದು ಎಂದು ನಾನು ವಾರವೆಲ್ಲ ತಲೆ ಕೆಡಿಸಿಕೊಂಡಿದ್ದೆ. ಅಜ್ಜಿಗೂ ಚಳಿಯಾಗುತ್ತದೆ ಎನ್ನುವುದು ಮಾತ್ರ ಗುಬ್ಬಿಯಿಂದ ಕುಣಿಗಲ್ ಮುಟ್ಟುವವರೆಗೂ ಹೊಳೆಯಲಿಲ್ಲ.

ಕ್ಯಾಮೆರಾ ಜೊತೆ ಬಂದ ಪುಸ್ತಕದಲ್ಲಿ, ಸೊನ್ನೆ ಡಿಗ್ರಿಗಿಂತ ಕೆಳಗೆ ಹುಷಾರು ಎಂದಿತ್ತು. ನಮ್ಮ ತುಮಕೂರು ಸೀಮೆಯಲ್ಲಿ ಸೊನ್ನೆ ಬಿದ್ದದ್ದು ನನ್ನ ಗಣಿತದ ಉತ್ತರಪತ್ರಿಕೆಗೆ ಮಾತ್ರ. ದೇವರಾಯನದುರ್ಗದ ಮೇಲೆ ಒಂದಿಷ್ಟು ಮಂಜು ಕಂಡರೆ ಸಾಕು, ನಾವು ಮಂಕಿ ಕ್ಯಾಪ್ ಹಾಕಿಕೊಂಡು ಟೀ ಅಂಗಡಿ ಮುಂದೆ ಕಾಶ್ಮೀರದಿಂದ ಬಂದವರ ಹಾಗೆ ನಡುಗುವ ಜನ. ಆದರೂ ಹಿಮದಲ್ಲಿ ಕರಡಿಯ ಫೋಟೊ ತೆಗೆಯುವವರ ವಿಡಿಯೊಗಳನ್ನು ಒಂದೂ ಬಿಡದೆ ನೋಡಿ ಪಂಡಿತನಾದೆ. ಕ್ಯಾಮೆರಾವನ್ನು ಗಾಡಿಯಲ್ಲಿ ಹೊರಗಿನಷ್ಟೇ ತಣ್ಣಗೆ ಇಡಬೇಕಂತೆ. ಬ್ಯಾಟರಿಯನ್ನು ಮಾತ್ರ ತೆಗೆದು, ಮೈಗೆ ಒತ್ತಿಕೊಂಡು ಬೆಚ್ಚಗೆ ಇಡಬೇಕಂತೆ. ಫ್ಯಾನಿನ ವಿಷಯದಲ್ಲಿ ನಮ್ಮಪ್ಪ ಅಮ್ಮ ಇದ್ದಾರಲ್ಲ, ಹಾಗೆ: ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ.

ಈ ವಿದ್ಯೆ ತೋರಿಸಲು ನನಗೆ ಕರಡಿ ಸಿಗಲಿಲ್ಲ, ಅಜ್ಜಿ ಸಿಕ್ಕಿದರು. ಅಜ್ಜಿಯೂ ಕುಣಿಗಲ್ಲಿನಲ್ಲಿರುವ ಅವರ ತಂಗಿಯೂ ಜೊತೆಗಿರುವ ಒಂದೇ ಒಂದು ಫೋಟೊವೂ ಈ ಭೂಮಿಯ ಮೇಲಿಲ್ಲ. ಯಾವ ಮದುವೆ ಆಲ್ಬಮ್ ತೆಗೆದರೂ ಒಬ್ಬರು ಚಪ್ಪರದಲ್ಲಿದ್ದರೆ ಇನ್ನೊಬ್ಬರು ಅಡುಗೆಮನೆಯಲ್ಲಿ. ಈಗ ಅಜ್ಜಿಯ ಮಂಡಿ ಮುಷ್ಕರ ಹೂಡಿದೆ.

"ಇನ್ನೊಂದ್ ಕಿತ ಅಲ್ಲಿಗ್ ಹೋಗಕಾಯ್ತದೋ ಇಲ್ವೋ. ಈ ಸಲ ನಮ್ಮಿಬ್ರುದೂ ಒಂದ್ ಫೋಟ ತೆಗ್ದುಬುಡ್ಲಾ" ಎಂದರು.

ಫೋನಲ್ಲೇ ತೆಗಿ ಎಂದಳು ಅಮ್ಮ. ಮನೆಯಲ್ಲೊಬ್ಬ ಕಲಾವಿದ ಇರುವಾಗ ಫೋನೇ?

ಹೊರಡುವ ಮುಂಚೆ ಬ್ಯಾಟರಿಗೆ ಬೆಚ್ಚನೆಯ ಮೈ ಹುಡುಕಿದೆ. ನನ್ನದು ಬಿದಿರು ಗಳುವಿನಂಥ ಮೈ. ಅದಕ್ಕೇ ಬಿಸಿ ಸಾಲದು, ಇನ್ನು ಬ್ಯಾಟರಿಗೆಲ್ಲಿಂದ? ಕೊನೆಗೆ ಕಂಡದ್ದು ಅಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆಅಡಿಕೆ ಸಂಚಿ. ಸೀರೆ, ಅದರ ಮೇಲೆ ಶಾಲು. ಯಾವ ಹಿಮಕರಡಿಗೂ ಅಂಥ ವ್ಯವಸ್ಥೆ ಇಲ್ಲ. ಬ್ಯಾಟರಿಯನ್ನು ಆ ಸಂಚಿಗೆ ತುರುಕಲು ಹೋದೆ.

"ಇದೇನ್ಲಾ ಇದು, ಕರೀ ಬೆಲ್ಲದಚ್ಚು?"

"ಬ್ಯಾಟರಿ ಕಣಜ್ಜಿ. ಮರ್ತು ಬಾಯಿಗ್ ಹಾಕೊಂಡೀಯ."

ಕ್ಯಾಮೆರಾ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿತು. ಅಜ್ಜಿ ಹಿಂದೆ. ಬೆಳಗಿನ ಚಳಿ ಒಳಗೆಲ್ಲ ಓಡಾಡಲೆಂದು ನಾಲ್ಕೂ ಗಾಜು ಇಳಿಸಿ ಹೊರಟೆ.

"ಗಾಜ್ ಏರ್ಸ್ಲಾ, ಕಿವಿ ಉದ್ರೋಯ್ತವೆ."

"ಕ್ಯಾಮೆರಾ ಬೆಚ್ಚಗಾಗ್ಬಾರ್ದು ಅಜ್ಜಿ."

"ನಾನ್ ತಣ್ಣಗಾದ್ರೆ ಪರ್ವಾಗಿಲ್ವೇನ್ಲಾ?"

ಎರಡು ಗಾಜು ಏರಿಸಿದೆ, ಅದೂ ಮನಸ್ಸಿಲ್ಲದ ಮನಸ್ಸಿನಿಂದ.

ಫೋಟೊ ಹೊರಗೆ ಜಗಲಿಯ ಮೇಲೆ ಎಂದು ನನ್ನ ಯೋಜನೆ. ಚಿಕ್ಕಜ್ಜಿ ಬಾಗಿಲಲ್ಲೇ ಅದನ್ನು ತಳ್ಳಿಹಾಕಿದರು. "ನಮ್ಮಕ್ಕ ಆಗ್ಲೇ ಮರಗಟ್ಟವ್ಳೆ. ಒಲೆ ತಾವ್ಕೆ ಬನ್ರೋ!" ಅಡುಗೆಮನೆಯಲ್ಲಿ ಅವರೆಕಾಳಿನ ಸಾರು ಕುದಿಯುತ್ತಿತ್ತು. ಇಬ್ಬರೂ ಸೆರಗು ಸರಿಮಾಡಿಕೊಂಡು ಉಸಿರು ಬಿಗಿಹಿಡಿದು ಕೂತರು. ನಾನು ಕ್ಯಾಮೆರಾ ಕಣ್ಣಿನ ಮುಚ್ಚಳ ತೆಗೆದೆ. ಸಾರಿನ ಮೇಲೆ ಬಾಗಿದ ಮೇಷ್ಟ್ರ ಕನ್ನಡಕದಂತೆ ಲೆನ್ಸು ಬೆಳ್ಳಗಾಯಿತು. ಒರೆಸಿದೆ, ಮತ್ತೆ ಬೆಳ್ಳಗಾಯಿತು. ತಣ್ಣನೆಯ ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ನಿಧಾನವಾಗಿ ಒಳಗೆ ತರಬೇಕು ಎಂದು ಅದೇ ವಿಡಿಯೊಗಳ ಕೊನೆಯಲ್ಲಿ ಹೇಳುತ್ತಾರಂತೆ. ನಾನು ಯಾವುದನ್ನೂ ಕೊನೆವರೆಗೆ ನೋಡುವವನಲ್ಲ.

ಲೆನ್ಸು ಬೆಚ್ಚಗಾಗುವಷ್ಟರಲ್ಲಿ ಬ್ಯಾಟರಿಯನ್ನಾದರೂ ಹಾಕೋಣ ಎಂದು ಕೇಳಿದೆ. ಅಜ್ಜಿ ಸಂಚಿ ಬಿಚ್ಚಿದರು. ಬ್ಯಾಟರಿ ಬೆಚ್ಚಗೇ ಇತ್ತು, ಮೈತುಂಬ ಸುಣ್ಣ ಬಳಿದುಕೊಂಡು. ಹಾಕಿದರೆ ಕ್ಯಾಮೆರಾ ಮಿಸುಕಲಿಲ್ಲ. ಅಜ್ಜಿಯನ್ನು ಅಷ್ಟು ದೂರ ನಡುಗಿಸಿ ಕರೆತಂದು, ಆ ಫೋಟೊವನ್ನು ನಾನೇ ಕೊಂದೆನಲ್ಲ ಎಂದು ಮೊದಲ ಸಲ ಹೆದರಿಕೆಯಾಯಿತು.

ಅಜ್ಜಿ ಬ್ಯಾಟರಿಯನ್ನು ಕಿತ್ತುಕೊಂಡು, ಸೆರಗಿನ ತುದಿಯಿಂದ ಕೂಸಿನ ಮೂಗು ಒರೆಸಿದಂತೆ ಒರೆಸಿ ಕೊಟ್ಟರು. ಹಾಕಿದೆ. ಕ್ಯಾಮೆರಾ ಕಣ್ಣು ಬಿಟ್ಟಿತು. ಗಾಬರಿಯಲ್ಲಿ ಮಂಜು ಆರುವ ಮುಂಚೆಯೇ ಒಂದು ಹೊಡೆದೆ. ಇಬ್ಬರಿಗೂ ತೋರಿಸಿದೆ: ಬಿಳಿ ಮೋಡದೊಳಗೆ ಎರಡು ಮುದುಕಿಯರ ನೆರಳು.

"ಅಯ್ ಶಿವ್ನೇ, ಆಗ್ಲೇ ಕೈಲಾಸಕ್ ಹೋಗ್ಬುಟ್ಟಿದೀವಲ್ಲೇ!" ಎಂದರು ಅಜ್ಜಿ.

"ಅಲ್ಲೂ ನೀನೇ ಮುಂದ್ ಕುಂತಿದೀಯ" ಎಂದರು ಚಿಕ್ಕಜ್ಜಿ.

ಇಬ್ಬರೂ ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಒರಗಿದರು. ಅಷ್ಟರಲ್ಲಿ ಲೆನ್ಸು ತಿಳಿಯಾಗಿತ್ತು. ಎರಡನೆಯದನ್ನು ಆಗ ತೆಗೆದೆ. ನನ್ನ ಜಾಣತನದ ಸೋಂಕಿಲ್ಲದ ಫೋಟೊ ಅದೊಂದೇ; ಚೆನ್ನಾಗಿಯೂ ಬಂದಿದೆ.

ವಾಪಸು ಬರುವಾಗ ಅಜ್ಜಿ ಮುಂದಿನ ಸೀಟಿನಲ್ಲಿ, ನಾಲ್ಕೂ ಗಾಜು ಮೇಲೆ. ಕ್ಯಾಮೆರಾ ಡಿಕ್ಕಿಯಲ್ಲಿ, ಅವರೆಕಾಯಿ ಚೀಲದ ಪಕ್ಕ. ಅದು ಎಷ್ಟು ಚಳಿ ತಡೆಯುತ್ತದೆ ಎಂದು ಹೇಳಲು ಪುಸ್ತಕವಿದೆ. ಅಜ್ಜಿಯ ಜೊತೆ ಅಂಥ ಪುಸ್ತಕ ಬಂದಿಲ್ಲ, ಕೇಳಿಯೇ ತಿಳಿಯಬೇಕು.

ನಕ್ಕ ಫೋಟೊ ಈಗ ಗೋಡೆ ಮೇಲಿದೆ. ಮೋಡದ್ದನ್ನು ಅಳಿಸಲು ಹೊರಟರೆ ಅಜ್ಜಿ ಬಿಡಲಿಲ್ಲ.

"ಅದ್ನ ಜ್ವಾಪಾನವಾಗಿ ಮಡಗ್ಲಾ. ಆಮ್ಯಾಕೆ ಹಾರ ಹಾಕಕ್ ಬೇಕಾಯ್ತದೆ."

ಕಲಾವಿದನಾಗಿ ನನಗೆ ಬಂದ ಮೊದಲ ಆರ್ಡರ್ ಅದು. ಡೆಲಿವರಿಗೆ ನನಗೇನೂ ಅವಸರವಿಲ್ಲ.